ಹಳೇ ಟಿವಿ ಗೇಮ್, ಟಿವಿ ಕ್ವಿಜ್ ಸೈಟಿಗೆ ನಿಯೋಸಿಟೀಸ್ ಹೇಗೆ? ಬಳಸಿದವಳ ಮಾತು

ಮೊದಲೇ ಹೇಳಿಬಿಡುತ್ತೇನೆ. ದುಡ್ಡಿನ ಲೆಕ್ಕಾಚಾರ ಇಲ್ಲದೆ, ಇಷ್ಟಕ್ಕೋಸ್ಕರ ಒಂದು ವೆಬ್‌ಸೈಟ್ ನಡೆಸುವವರಿಗೆ, ಪುಕ್ಕಟೆಯಾಗಿ ಸೈಟ್ ಇಟ್ಟುಕೊಳ್ಳಲು ಜಾಗ ಕೊಡುವ ನಿಯೋಸಿಟೀಸ್ ತುಂಬಾ ಒಳ್ಳೆಯದು. ಕನ್ನಡದಲ್ಲಿ ಬರೆಯುವವರಿಗೂ ಒಳ್ಳೆಯದೇ. ಆದರೆ ಕೆಲವು ವಿಷಯ ಮೊದಲೇ ತಿಳಿದಿದ್ದರೆ ಆಮೇಲೆ ಒದ್ದಾಡುವುದು ತಪ್ಪುತ್ತದೆ. ಕನ್ನಡದಲ್ಲಿ ಇದರ ಬಗ್ಗೆ ಓದಲು ಸಿಗುವುದು ಕಡಿಮೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಮಂಡ್ಯದಲ್ಲಿ ಡಿಟಿಪಿ ಕೆಲಸ ಮಾಡುವವಳು. ಮದುವೆ ಕಾರ್ಡು, ತಿಥಿ ಕಾರ್ಡು, ಕಾಲೇಜಿನವರ ಪ್ರಾಜೆಕ್ಟ್ ರಿಪೋರ್ಟು, ತಾಲ್ಲೂಕು ಆಫೀಸಿಗೆ ಕೊಡುವ ಅರ್ಜಿ, ಇವೇ ನನ್ನ ದಿನ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಅದೇ ಕಂಪ್ಯೂಟರಿನಲ್ಲಿ ನನ್ನ ಸೈಟಿನ ಕೆಲಸ ಶುರು. ಸೈಟಿನಲ್ಲಿ ಎರಡು ಭಾಗ ಇದೆ. ಒಂದು, ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದ ಹಳದಿ ಕ್ಯಾಸೆಟ್ಟಿನ ಗೇಮ್‌ಗಳು. ಇನ್ನೊಂದು, ಟಿವಿಯಲ್ಲಿ ಬಂದ ಆಟದ ಕಾರ್ಯಕ್ರಮಗಳು: ಥಟ್ ಅಂತ ಹೇಳಿ, ಕನ್ನಡದ ಕೋಟ್ಯಧಿಪತಿ, ಹಿಂದಿಯಲ್ಲಿ ಕೌನ್ ಬನೇಗಾ ಕರೋಡ್‌ಪತಿ, ಪೋಗೋದಲ್ಲಿ ಬರುತ್ತಿದ್ದ ತಕೇಶೀಸ್ ಕ್ಯಾಸಲ್. ಬರೆಯುವುದು ನಾನು. ಆಡುವುದು ನಮ್ಮಣ್ಣ. ಅವನು ಮೈಸೂರಿನಲ್ಲಿ ಹೂಟಗಳ್ಳಿ ಕಡೆ ಫ್ಯಾಕ್ಟರಿಯಲ್ಲಿದ್ದಾನೆ. ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪ ಕೊಡಿಸಿದ ಸೆಟ್ಟು ಇವತ್ತಿಗೂ ಅವನ ಮನೆಯ ಅಟ್ಟದ ಮೇಲಿದೆ. ಅದಿನ್ನೂ ಓಡುತ್ತದೆ!

ಇದಕ್ಕೆ ಮೊದಲು ಸೈಟ್ ಬೇರೆ ಕಡೆ ಇತ್ತು. ದುಡ್ಡು ಕೊಟ್ಟು ತಗೊಂಡ ಹೋಸ್ಟಿಂಗ್ (ಸೈಟ್ ಇಡುವ ಜಾಗ) ಅದು. ಕಂಪನಿ ಹೆಸರು ಬೇಡ. ಮೊದಲನೇ ವರ್ಷ ತೀರಾ ಕಡಿಮೆ ರೇಟು. ಎರಡನೇ ವರ್ಷ ರಿನ್ಯೂ ಮಾಡಿ ಅಂತ ಬಂದ ಬಿಲ್ಲು ನೋಡಿದರೆ ಮೂರು ಪಟ್ಟಿಗಿಂತ ಜಾಸ್ತಿ. ಒಂದು ರೂಪಾಯಿ ಆದಾಯ ಇಲ್ಲದ ಸೈಟಿಗೆ ಪ್ರತಿ ವರ್ಷ ಅಷ್ಟು ಕಟ್ಟುವುದು ನನ್ನಂಥವರಿಗೆ ಆಗುವ ಮಾತಲ್ಲ. ಜೊತೆಗೆ ಅಲ್ಲಿ ಡೇಟಾಬೇಸ್, ಥೀಮ್, ಪ್ಲಗಿನ್ ಅಂತ ನೂರೆಂಟು ಭಾಗ. ವಾರಕ್ಕೊಮ್ಮೆ ಏನಾದರೊಂದು ಅಪ್‌ಡೇಟ್ ಕೇಳುತ್ತಿತ್ತು. ನಾನು ಕಾಂಟ್ರಾ ಅನ್ನುವ ಗೇಮಿನ ಬಗ್ಗೆ ಬರೆಯೋಣ ಅಂತ ಕೂತರೆ ಅರ್ಧ ಸಂಜೆ ಅದನ್ನು ಸರಿಮಾಡುವುದರಲ್ಲೇ ಮುಗಿಯುತ್ತಿತ್ತು.

ನಿಯೋಸಿಟೀಸ್ ಶುರುವಾಗಿದ್ದು 2013ರಲ್ಲಿ. ಮಾಡಿದವರು ಕೈಲ್ ಡ್ರೇಕ್. ಹೆಸರು ಕೇಳಿದರೆ ಜಿಯೋಸಿಟೀಸ್ ನೆನಪಾಗುತ್ತದೆ, ಅಲ್ವಾ? ಅದನ್ನು ನೆನಪಿಸಲೆಂದೇ ಇಟ್ಟ ಹೆಸರು. 90ರ ದಶಕದಲ್ಲಿ ಲಕ್ಷಾಂತರ ಜನ ಜಿಯೋಸಿಟೀಸ್‌ನಲ್ಲಿ ತಮ್ಮ ಪುಟ್ಟ ಪುಟ್ಟ ಪುಟ ಮಾಡಿಕೊಂಡಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು, 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ವಿಡಿಯೋ ಗೇಮ್ ಬಗ್ಗೆ ಜನ ಬರೆದಿಟ್ಟ ಎಷ್ಟೋ ಪುಟಗಳು ಹಾಗೇ ಹೋದವು. ಕೆಲವನ್ನು ಸ್ವಯಂಸೇವಕರು ಹರಸಾಹಸ ಮಾಡಿ ಉಳಿಸಿಕೊಂಡರು. ಇವತ್ತು ಒಂದು ಹಳೇ ಗೇಮಿನ ಬಗ್ಗೆ ಹುಡುಕುವಾಗ ನನಗೆ ಅಂಥ ಪುಟಗಳು ಹಳೇ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್ನಿನಲ್ಲಿ ಸಿಗುತ್ತವೆ. ಬರೆದವರು ಯಾರೋ, ಎಲ್ಲಿದ್ದಾರೋ. ಅವರು ಬರೆದಿಟ್ಟಿದ್ದು ನನಗೆ ಉಪಯೋಗಕ್ಕೆ ಬರುತ್ತಿದೆ. ಕನ್ನಡದಲ್ಲೂ ಹಾಗೆ ಒಂದಿಷ್ಟು ಇರಲಿ ಅನ್ನುವುದೇ ನನ್ನ ಆಸೆ.

ಸೇವೆ ಏನು ಕೊಡುತ್ತದೆ ಅಂದರೆ, ಒಂದು ಫೋಲ್ಡರ್. ಅಷ್ಟೇ. ಅಕೌಂಟ್ ಮಾಡಿದ ಕೂಡಲೇ ಒಂದು ಮುಖಪುಟದ ಫೈಲು, ಒಂದು ಸ್ಟೈಲ್ ಫೈಲು, ಪುಟ ಸಿಗದೇ ಇದ್ದಾಗ ತೋರಿಸುವ ಒಂದು ಫೈಲು, ಇಷ್ಟು ತಾನಾಗಿಯೇ ಬರುತ್ತದೆ. ನಿಮ್ಮ ಫೈಲುಗಳನ್ನು ಮೌಸಿನಲ್ಲಿ ಎಳೆದು ಬ್ರೌಸರಿನೊಳಗೆ ಬಿಟ್ಟರೆ ಅವು ಸೈಟಿನಲ್ಲಿ ಕಾಣಿಸುತ್ತವೆ. ಬ್ರೌಸರಿನಲ್ಲೇ ಕೋಡ್ ತಿದ್ದುವ ಎಡಿಟರ್ ಕೂಡ ಇದೆ. ಪುಕ್ಕಟೆ ಅಕೌಂಟಿಗೆ 1 ಜಿಬಿ ಜಾಗ, ತಿಂಗಳಿಗೆ 200 ಜಿಬಿ ಬ್ಯಾಂಡ್‌ವಿಡ್ತ್ (ನೋಡಲು ಬರುವವರಿಗೆ ಸೈಟಿನಿಂದ ಹೋಗುವ ಡೇಟಾ). ಜಾಹೀರಾತು ಹಾಕುವುದಿಲ್ಲ. ನನ್ನ ಪುಟದ ಮಧ್ಯೆ ಯಾರದ್ದೋ ಸಾಲದ ಆ್ಯಪ್, ರಮ್ಮಿ ಆ್ಯಪ್ ಬರುವುದಿಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ. ಮಕ್ಕಳೂ ಓದುವ ಸೈಟ್ ಇದು.

1 ಜಿಬಿ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಹಳೇ ಗೇಮಿನವರಿಗೆ ಧಾರಾಳವಾಗಿ ಸಾಕು. ಲೆಕ್ಕ ಹಾಕಿ ನೋಡಿ. ನಾವು ಆಡಿದ ಸೆಟ್ಟುಗಳೆಲ್ಲ ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. ಅದರ ಪರದೆ 256 ಚುಕ್ಕೆ ಅಗಲ, 240 ಚುಕ್ಕೆ ಎತ್ತರ. ಒಂದು ಸಲಕ್ಕೆ ಸಾಮಾನ್ಯವಾಗಿ 25 ಬಣ್ಣ ಮಾತ್ರ. ಇಂಥ ಒಂದು ಚಿತ್ರವನ್ನು ಪಿಎನ್‌ಜಿ ಅನ್ನುವ ಬಗೆಯ ಫೈಲಾಗಿ ಉಳಿಸಿದರೆ ಕೆಲವೇ ಕೆಬಿ. 5 ಕೆಬಿ ಅಂತ ಇಟ್ಟುಕೊಂಡರೂ 1 ಜಿಬಿಯಲ್ಲಿ 2 ಲಕ್ಷ ಚಿತ್ರ ಹಿಡಿಸುತ್ತವೆ. ಬರಹದ ಲೆಕ್ಕ ಇನ್ನೂ ಸಣ್ಣದು. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದು ಸಾಕು. ಹಾಗಿದ್ದರೂ ಸಾವಿರ ಪದದ ಒಂದು ಲೇಖನ 25ರಿಂದ 30 ಕೆಬಿ ಒಳಗೆ ಮುಗಿಯುತ್ತದೆ. ಒಬ್ಬರು ಒಂದು ಸಲ ಬಂದು ಹೋದರೆ 200 ಕೆಬಿ ಖರ್ಚು ಅಂತ ಹಿಡಿದರೆ, ತಿಂಗಳಿಗೆ 10 ಲಕ್ಷ ಸಲ ಜನ ಬಂದು ಹೋಗಬಹುದು. ನನ್ನ ಸೈಟಿಗೆ ಅಷ್ಟು ಜನ ಬಂದರೆ ಮಂಡ್ಯಕ್ಕೆಲ್ಲ ಒಬ್ಬಟ್ಟಿನ ಊಟ ಹಾಕಿಸುತ್ತೇನೆ.

ಚಿತ್ರದ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹಳೇ ಗೇಮಿನ ಚಿತ್ರವನ್ನು ಜೆಪೆಗ್‌ನಲ್ಲಿ ಉಳಿಸಬೇಡಿ. ಜೆಪೆಗ್ ಇರುವುದು ಫೋಟೊಗೆ. ಕಾಂಟ್ರಾದ ಮೊದಲನೇ ಕಾಡಿನ ಸ್ಟೇಜ್ ಇರುತ್ತದಲ್ಲ, ಅಲ್ಲಿ ಎಲೆಯ ಅಂಚು, ಗನ್ನಿನ ಗುಂಡು, ಮೇಲೆ ಲೈಫ್ ತೋರಿಸುವ ಚಿಹ್ನೆ, ಎಲ್ಲ ಕತ್ತರಿಸಿಟ್ಟ ಹಾಗೆ ಚೂಪಾಗಿರುತ್ತವೆ. ಜೆಪೆಗ್ ಮಾಡಿದರೆ ಅವುಗಳ ಸುತ್ತ ಮಸುಕು ಮಸುಕಾಗಿ ಕೊಳೆ ಹಿಡಿಯುತ್ತದೆ. ಪಿಎನ್‌ಜಿಯಲ್ಲಿ ಒಂದು ಚುಕ್ಕೆಯೂ ಕೆಡುವುದಿಲ್ಲ. ಆಮೇಲೆ ಪುಟದಲ್ಲಿ ದೊಡ್ಡದು ಮಾಡಿ ತೋರಿಸುವಾಗ ಸರಿಯಾಗಿ ಎರಡು ಪಟ್ಟು ಅಥವಾ ಮೂರು ಪಟ್ಟು ಮಾಡಿ. ಒಂದೂವರೆ ಪಟ್ಟು ಮಾಡಿದರೆ ಕೆಲವು ಚುಕ್ಕೆ ದಪ್ಪ, ಕೆಲವು ಸಣ್ಣ ಆಗುತ್ತವೆ. ಸಿಎಸ್‌ಎಸ್‌ನಲ್ಲಿ, ಅಂದರೆ ಸ್ಟೈಲ್ ಫೈಲಿನಲ್ಲಿ, ಇಮೇಜ್ ರೆಂಡರಿಂಗ್ ಅನ್ನುವ ಕಡೆ ಪಿಕ್ಸಲೇಟೆಡ್ ಅಂತ ಒಂದು ಸಾಲು ಬರೆದರೆ ಬ್ರೌಸರ್ ಅದನ್ನು ನಯ ಮಾಡಲು ಹೋಗುವುದಿಲ್ಲ. ನಿಯೋಸಿಟೀಸ್ ನಿಮ್ಮ ಚಿತ್ರವನ್ನು ಮುಟ್ಟುವುದೇ ಇಲ್ಲ. ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಸೋಷಿಯಲ್ ಮೀಡಿಯಾದಲ್ಲಿ ಹಾಕಿದರೆ ಅದು ತಾನೇ ಕುಗ್ಗಿಸಿ, ಜೆಪೆಗ್ ಮಾಡಿ, ಹಾಳು ಮಾಡಿರುತ್ತದೆ. ನಾನು ಇಲ್ಲಿಗೆ ಬಂದ ಕಾರಣಗಳಲ್ಲಿ ಇದೂ ಒಂದು.

ಇನ್ನೊಂದು ಮುಖ್ಯ ಕಾರಣ, ಪುಟಗಳು ತಾರೀಕಿನ ಪ್ರಕಾರ ಕೂರುವುದಿಲ್ಲ. ಬ್ಲಾಗ್ ಸೇವೆಗಳಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ ಹೋಗುತ್ತದೆ. ಸುದ್ದಿ ಬರೆಯುವವರಿಗೆ ಅದು ಸರಿ. ಗೇಮಿನ ಪುಟ ಹಾಗಲ್ಲ. ಒಂದು ಸಲ ಬರೆದು, ಆಮೇಲೆ ಗೊತ್ತಾದದ್ದನ್ನು ಅದೇ ಪುಟಕ್ಕೆ ಸೇರಿಸುತ್ತಾ ಹೋಗಬೇಕು. ತಕೇಶೀಸ್ ಕ್ಯಾಸಲ್ ಪುಟವನ್ನೇ ನೋಡಿ. ಮೊದಲು ನಾನು ಬರೆದಿದ್ದು ಪೋಗೋದಲ್ಲಿ ಜಾವೇದ್ ಜಾಫ್ರಿ ಹಿಂದಿಯಲ್ಲಿ ಮಾತಾಡಿ ನಗಿಸುತ್ತಿದ್ದರಲ್ಲ, ಅದರ ಬಗ್ಗೆ ಮಾತ್ರ. ಆಮೇಲೆ ಮೂಲ ಕಾರ್ಯಕ್ರಮ ಜಪಾನಿನಲ್ಲಿ 1986ರಿಂದ 1990ರವರೆಗೆ ಬಂದದ್ದು ಅಂತ ಸೇರಿಸಿದೆ. ನಾವು ನೋಡುವಷ್ಟರಲ್ಲಿ ಅದು ಅಷ್ಟು ಹಳೆಯದಾಗಿತ್ತು! ಆಮೇಲೆ ಇನ್ನೊಂದು ಗೊತ್ತಾಯಿತು. ಆ ಕೋಟೆಯ ಯಜಮಾನನಾಗಿ ಕೂತಿರುತ್ತಿದ್ದ ತಕೇಶಿ ಕಿಟಾನೊ ಅವರ ಹೆಸರಿನಲ್ಲೇ, ಅದೇ 1986ರಲ್ಲಿ, ಫ್ಯಾಮಿಕಾಮ್‌ಗೆ ಒಂದು ಗೇಮ್ ಬಂತು. ತಯಾರಿಸಿದ್ದು ಟೈಟೊ ಕಂಪನಿ. ಅದರಲ್ಲಿ ಕಿಟಾನೊ ಅವರ ಕೈಯೂ ಇತ್ತು. ಬೇಕಂತಲೇ ತಲೆ ಕೆಡಿಸುವ ಹಾಗೆ ಮಾಡಿದ ಗೇಮ್ ಅದು. ಮರುವರ್ಷ ಟಿವಿ ಕಾರ್ಯಕ್ರಮದ್ದೇ ಒಂದು ಗೇಮನ್ನು ಬಂಡಾಯ್ ಕಂಪನಿ ಬಿಟ್ಟಿತು. ಅದನ್ನು ಆಡುವುದು ಕೈಯಲ್ಲಲ್ಲ, ನೆಲಕ್ಕೆ ಹಾಸಿದ ಚಾಪೆಯಂಥ ಕಂಟ್ರೋಲರ್ ಮೇಲೆ ಕಾಲಿನಿಂದ ಓಡಿ, ಹಾರಿ ಆಡಬೇಕು. ಟಿವಿಯಲ್ಲಿ ಜನ ಕೆಸರಿಗೆ ಬೀಳುವುದನ್ನು ನೋಡಿದವರು ಮನೆಯಲ್ಲಿ ಚಾಪೆ ಮೇಲೆ ಕುಣಿಯಬಹುದಿತ್ತು.

ನನ್ನ ಸೈಟಿನ ಎರಡು ಭಾಗ ಒಂದಕ್ಕೊಂದು ಸೇರುವ ಜಾಗ ಇದೇ. ಟಿವಿ ಆಟ, ಟಿವಿ ಗೇಮ್, ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅಮೆರಿಕದಲ್ಲೂ ಹಾಗೇ. ಅಲ್ಲಿನ ವೀಲ್ ಆಫ್ ಫಾರ್ಚೂನ್, ಜೆಪರ್ಡಿ ಅನ್ನುವ ಕ್ವಿಜ್‌ಗಳನ್ನು ನಿಂಟೆಂಡೊ ಸೆಟ್ಟಿಗೆ ಗೇಮ್ ಮಾಡಿಕೊಟ್ಟಿದ್ದು ಇಂಗ್ಲೆಂಡಿನ ರೇರ್ ಕಂಪನಿ. ಇಂಥ ಕೊಂಡಿ ಸಿಕ್ಕಿದಾಗ ಈ ಪುಟದಿಂದ ಆ ಪುಟಕ್ಕೆ ಒಂದು ಲಿಂಕ್ ಹಾಕುತ್ತೇನೆ. ಓದುವವರು ಕೋಟ್ಯಧಿಪತಿಯಿಂದ ಹೊರಟು ಮಾರಿಯೊ ತನಕ ಹೋಗಬಹುದು. ನಾಲ್ಕು ಫೋಲ್ಡರ್, ಒಂದಷ್ಟು ಲಿಂಕ್, ಇಷ್ಟರಲ್ಲೇ ಆಗುವ ಕೆಲಸ ಇದು. ಅದಕ್ಕೆ ಡೇಟಾಬೇಸ್ ಯಾಕೆ ಬೇಕು?

ಕನ್ನಡದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಸೈಟಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟರಲ್ಲೇ ಇರಬೇಕು. ಕನ್ನಡ ಅಕ್ಷರದಲ್ಲಿ ಆಗುವುದಿಲ್ಲ. ಹೆಸರಿನ ಹಿಂದೆ ನಿಯೋಸಿಟೀಸ್ ವಿಳಾಸ ಅಂಟಿಕೊಂಡಿರುತ್ತದೆ. ಒಳಗಿನ ಫೈಲುಗಳಿಗೂ ನಾನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಹೆಸರಿಡುತ್ತೇನೆ. ಕಾರಣ ಇದೆ. ಕನ್ನಡದ ಒಂದು ಅಕ್ಷರ ಚಿಹ್ನೆ ವೆಬ್ ವಿಳಾಸದೊಳಗೆ ಹೋದಾಗ ಒಂಬತ್ತು ಅಕ್ಷರ ಆಗಿಬಿಡುತ್ತದೆ. ಕಾಂಟ್ರಾ ಅನ್ನುವುದರಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಏಳು ಚಿಹ್ನೆ. ಅಂದರೆ ವಿಳಾಸದಲ್ಲಿ 63 ಅಕ್ಷರ! ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನೋಡಿದವರು ಯಾವುದೋ ಮೋಸದ ಲಿಂಕ್ ಅಂತ ಮುಟ್ಟುವುದೇ ಇಲ್ಲ. ಸಣ್ಣ ಅಕ್ಷರ ಯಾಕೆ ಅಂದರೆ, ನಮ್ಮ ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಸರ್ವರ್‌ಗೆ ಬೇರೆ ಬೇರೆ. ಮನೆ ಕಂಪ್ಯೂಟರಿನಲ್ಲಿ ಕಾಣುವ ಚಿತ್ರ ಸೈಟಿನಲ್ಲಿ ಕಾಣದೇ ಇದ್ದರೆ ಮೊದಲು ಅದನ್ನೇ ನೋಡಿ.

ಅಕ್ಷರ ಕಾಣುವುದಕ್ಕೆ ಏನೂ ತೊಂದರೆ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಫಾಂಟ್ ಇದೆ, ವಿಂಡೋಸ್ 8ರಿಂದ ನಿರ್ಮಲಾ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಇರುತ್ತದೆ. ಪುಟದ ತಲೆಯಲ್ಲಿ ಯುಟಿಎಫ್ 8 ಅಂತ, ಭಾಷೆ ಕನ್ನಡ ಅಂತ ಒಂದೊಂದು ಸಾಲು ಬರೆದರೆ ಸಾಕು. ನಿಮ್ಮದೇ ಫಾಂಟ್ ಬೇಕೆಂದರೆ ಫಾಂಟ್ ಫೈಲನ್ನು ಪುಕ್ಕಟೆ ಅಕೌಂಟಿನಲ್ಲೂ ಹಾಕಬಹುದು. ನೋಟೊ ಸ್ಯಾನ್ಸ್ ಕನ್ನಡದ ಲೈಸೆನ್ಸ್ ಮುಕ್ತವಾಗಿದೆ, ಹಾಕಿದರೆ ಯಾರೂ ಕೇಳುವುದಿಲ್ಲ. ಸಾಲಿನ ನಡುವಿನ ಜಾಗ ಮಾತ್ರ ಜಾಸ್ತಿ ಕೊಡಿ. ಇಂಗ್ಲಿಷಿಗೆ ಸರಿಯಾದ ಅಳತೆ ಇಟ್ಟರೆ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ನಾನು 1.7 ಇಟ್ಟಿದ್ದೇನೆ. ಕಣ್ಣಿಗೆ ಹಾಯಾಗಿದೆ.

ಡಿಟಿಪಿಯವರಿಗೆ ಒಂದು ಮಾತು. ನಾವು ಪೇಜ್‌ಮೇಕರ್‌ನಲ್ಲಿ ಟೈಪ್ ಮಾಡುವ ಹಳೇ ನುಡಿ ಅಕ್ಷರ ಯೂನಿಕೋಡ್ ಅಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದೂ ಇಲ್ಲ. ಅದನ್ನು ಹಾಗೇ ತಂದು ಪುಟಕ್ಕೆ ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಕನ್ವರ್ಟರ್‌ನಲ್ಲಿ ಹಾಕಿ ತೆಗೆಯಬೇಕು. ತೆಗೆದ ಮೇಲೆ ಅರ್ಕಾವೊತ್ತನ್ನು ಒಂದೊಂದಾಗಿ ಕಣ್ಣಾಡಿಸಿ ನೋಡಬೇಕು. ಇನ್ನೊಂದು, ಗೇಮ್‌ಗಳು, ಪಾಯಿಂಟ್‌ಗಳು ಅಂತ ಬರೆಯುವಾಗ ಮಧ್ಯೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಇಲ್ಲದಿದ್ದರೆ 'ಗ' ಹೋಗಿ ಮಕಾರಕ್ಕೆ ಒತ್ತಾಗಿ ಕೂರುತ್ತದೆ. ವಿಡಿಯೋ ಗೇಮ್ ಬಗ್ಗೆ ಬರೆಯುವವರಿಗೆ ಇದು ಪ್ರತಿ ಸಾಲಿನಲ್ಲೂ ಬರುವ ಕೆಲಸ. ನಿಯೋಸಿಟೀಸ್ ಎಡಿಟರ್ ಆ ಚಿಹ್ನೆಯನ್ನು ಕಳೆಯದೆ ಹಾಗೇ ಉಳಿಸಿಕೊಳ್ಳುತ್ತದೆ.

ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ, ಪುಕ್ಕಟೆ ಅಕೌಂಟಿನಲ್ಲೇ ಓಡುತ್ತದೆ. ನನ್ನ ಕ್ವಿಜ್ ಪುಟ ನಿಂತಿರುವುದೇ ಅದರ ಮೇಲೆ. ಕನ್ನಡದ ಕೋಟ್ಯಧಿಪತಿ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರಿಂದ ಶುರುವಾಯಿತಲ್ಲ, ಆಗ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಉತ್ತರ ಕೂಗುತ್ತಿದ್ದರು. ನಡುವೆ ಒಂದು ಸೀಸನ್ ರಮೇಶ್ ಅರವಿಂದ್ ನಡೆಸಿಕೊಟ್ಟರು, 2019ರಲ್ಲಿ ಪುನೀತ್ ಮತ್ತೆ ಬಂದರು. ಅಪ್ಪು ಎದುರಿಗೆ ಕೂತವರ ಜೊತೆ ಮಾತಾಡುತ್ತಿದ್ದ ರೀತಿ ನೋಡಿದವರು ಯಾರೂ ಮರೆಯುವುದಿಲ್ಲ. ಗೆದ್ದ ದುಡ್ಡಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿ, ಅವರು ಹೇಳುವುದನ್ನು ಕೊನೇವರೆಗೂ ಕೇಳಿಸಿಕೊಳ್ಳುತ್ತಿದ್ದರು. ಆ ಧಾಟಿಯಲ್ಲಿ ನಾಲ್ಕು ಆಯ್ಕೆಯ ಒಂದು ಕ್ವಿಜ್ ಮಾಡಿದ್ದೇನೆ. ಪ್ರಶ್ನೆಗಳು ನನ್ನವೇ. ಟಿವಿಯಲ್ಲಿ ಕೇಳಿದ್ದನ್ನು ಎತ್ತಿಕೊಂಡಿಲ್ಲ, ಎತ್ತಿಕೊಳ್ಳಲೂಬಾರದು. ಫಿಫ್ಟಿ ಫಿಫ್ಟಿ ಬಟನ್ ಒತ್ತಿದರೆ ತಪ್ಪು ಉತ್ತರ ಎರಡು ಮಾಯವಾಗುತ್ತವೆ. ಇಡೀ ಕ್ವಿಜ್ ಒಂದೇ ಫೈಲಿನಲ್ಲಿದೆ. ಒಂದು ಸಲ ಪುಟ ತೆರೆದುಕೊಂಡರೆ ನಡುವೆ ನೆಟ್ ಹೋದರೂ ಆಟ ನಿಲ್ಲುವುದಿಲ್ಲ. ನಮ್ಮ ಕಡೆ ಹಳ್ಳಿಯಿಂದ ಆಡುವ ಮಕ್ಕಳಿಗೆ ಇದು ತುಂಬಾ ಅನುಕೂಲ.

ಇದರ ಮಿತಿಯೂ ಗೊತ್ತಿರಲಿ. ಸರ್ವರ್ ಕಡೆ ಏನೂ ಓಡುವುದಿಲ್ಲ. ಹಾಗಾಗಿ ಎಲ್ಲರ ಅಂಕ ಒಂದು ಕಡೆ ಸೇರಿಸಿ ಯಾರು ಫಸ್ಟು ಅಂತ ತೋರಿಸಲು ಆಗುವುದಿಲ್ಲ. ಅವರವರ ಅಂಕ ಅವರವರ ಬ್ರೌಸರಿನಲ್ಲಿ ಮಾತ್ರ ಉಳಿಯುತ್ತದೆ. ಕೋಡ್ ತೆರೆದು ನೋಡುವವರಿಗೆ ಉತ್ತರವೂ ಕಾಣುತ್ತದೆ. ಜೆರಾಕ್ಸಿಗೆ ಬಂದ ಪಿಯುಸಿ ಹುಡುಗನೊಬ್ಬ ನನ್ನ ಸ್ಕ್ರೀನಿನಲ್ಲಿ ಕ್ವಿಜ್ ನೋಡಿ, "ಅಕ್ಕಾ, ಇದು ನೀವೇ ಮಾಡಿದ್ದಾ? ಸೋರ್ಸ್ ನೋಡ್ಲಾ?" ಅಂದ. ನೋಡು ಅಂದೆ. ಉತ್ತರ ನೋಡಿಕೊಂಡು ಗೆಲ್ಲುತ್ತಾನೆ ಅಂದುಕೊಂಡರೆ, ಅವನು ಉತ್ತರದ ಕಡೆ ಹೋಗಲೇ ಇಲ್ಲ. ಎರಡು ಆಯ್ಕೆ ಮಾಯ ಆಗುವುದು ಹೇಗೆ ಅಂತ ಆ ಸಾಲುಗಳನ್ನೇ ಓದುತ್ತಾ ಕೂತ. ಈಗ ಅವನದ್ದೂ ಒಂದು ಸೈಟ್ ಇದೆ, ಕ್ರಿಕೆಟ್ ಗೇಮ್‌ಗಳ ಬಗ್ಗೆ.

ಅಣ್ಣನಿಗೆ ಇಷ್ಟವಾದ್ದು ಬೇರೆ. "ಆ 30 ಲೈಫ್ ಬರೋದು ಹಾಕಿದ್ಯಾ ಅಮ್ಮಿ? ಅದಿಲ್ದಿದ್ರೆ ಕಾಂಟ್ರಾ ಬಗ್ಗೆ ಬರ್ದೂ ಪ್ರಯೋಜನ ಇಲ್ಲ" ಅಂತ ಫೋನಿನಲ್ಲಿ ಕೇಳುತ್ತಲೇ ಇದ್ದ. ಅದಕ್ಕೆ ಬಟನ್ ಒತ್ತುವ ಕ್ರಮ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಇದನ್ನು ಮೊದಲು ಇಟ್ಟಿದ್ದು ಕೊನಾಮಿ ಅನ್ನುವ ಗೇಮ್ ಕಂಪನಿಯ ಕಝುಹಿಸಾ ಹಶಿಮೊಟೊ, 1986ರಲ್ಲಿ ಗ್ರೇಡಿಯಸ್ ಅನ್ನುವ ಗೇಮಿನಲ್ಲಿ. ಗೇಮನ್ನು ಪರೀಕ್ಷೆ ಮಾಡುವಾಗ ಅದು ತೀರಾ ಕಷ್ಟ ಆಗುತ್ತಿತ್ತು ಅಂತ ತಮ್ಮ ಅನುಕೂಲಕ್ಕೆ ಇಟ್ಟುಕೊಂಡಿದ್ದು. ಅದೇ ಕಾಂಟ್ರಾಗೂ ಬಂತು, ಅಲ್ಲಿಂದ ನಮ್ಮ ಮಂಡ್ಯದ ಮನೆಗೂ ಬಂತು. ಹಶಿಮೊಟೊ 2020ರಲ್ಲಿ ತೀರಿಕೊಂಡರು. ಈಗ ನನ್ನ ಮುಖಪುಟದಲ್ಲಿ ಕೀಬೋರ್ಡಿನ ಬಾಣದ ಕೀಗಳಿಂದ ಇದನ್ನು ಒತ್ತಿದರೆ ಅವರ ಬಗ್ಗೆ ಬರೆದ ಪುಟ ತೆರೆದುಕೊಳ್ಳುತ್ತದೆ. ಬೇರೆ ಎಲ್ಲೂ ಆ ಪುಟಕ್ಕೆ ಲಿಂಕ್ ಇಟ್ಟಿಲ್ಲ. ಗೊತ್ತಿದ್ದವರಿಗೆ ಮಾತ್ರ ಸಿಗಲಿ ಅಂತ. ಪುಟ ಸಿಗದೇ ಇದ್ದಾಗ ಬರುವ ಫೈಲನ್ನೂ ಬದಲಾಯಿಸಿಕೊಳ್ಳಬಹುದು. ನನ್ನಲ್ಲಿ ಕಪ್ಪು ಪರದೆ ಮೇಲೆ 'ಗೇಮ್ ಓವರ್', ಕೆಳಗೆ 'ಮತ್ತೆ ಆಡಿ' ಅನ್ನುವ ಬಟನ್.

ಪುಕ್ಕಟೆ ಅಕೌಂಟಿನಲ್ಲಿ ಎಂಪಿ3 ಹಾಡು, ವಿಡಿಯೋ, ಜಿಪ್ ಫೈಲು ಹಾಕುವ ಹಾಗಿಲ್ಲ. ಗೇಮಿನ ಸಂಗೀತ ಕೇಳಿಸಬೇಕು ಅನ್ನುವವರಿಗೆ ಇದು ಕೊರತೆಯೇ. ಕಾಂಟ್ರಾ ಶುರುವಾಗುವಾಗ ಬರುವ ಆ ನಾಲ್ಕು ಸೆಕೆಂಡಿನ ಸಂಗೀತ ಕೇಳಿದರೆ ಸಾಕು, ನಮ್ಮ ವಯಸ್ಸಿನವರಿಗೆ ಎಲ್ಲ ನೆನಪಾಗುತ್ತದೆ. ಅದನ್ನು ಬರಹದಲ್ಲಿ ತರಲು ಆಗುವುದಿಲ್ಲ. ಜಿಪ್ ಬೇಡ ಅಂದಿದ್ದು ಮಾತ್ರ ನನಗೆ ಸರಿ ಅನ್ನಿಸುತ್ತದೆ. ಗೇಮಿನ ಸೈಟ್ ಅಂದ ಕೂಡಲೇ ಜನ ಗೇಮ್ ಫೈಲೇ ಕೊಡಿ ಅಂತಾರೆ. ಅದು ಬೇರೆಯವರ ಸ್ವತ್ತು. ಬರೆಯೋಣ, ಚಿತ್ರ ತೋರಿಸೋಣ, ಹಂಚುವ ಕೆಲಸ ನಮ್ಮದಲ್ಲ.

ತಿಂಗಳಿಗೆ 5 ಡಾಲರ್ ಕೊಟ್ಟರೆ ಸಪೋರ್ಟರ್ ಅಕೌಂಟ್. 50 ಜಿಬಿ ಜಾಗ, ಎಲ್ಲ ಬಗೆಯ ಫೈಲು, ನಿಮ್ಮದೇ ಡೊಮೇನ್, ಒಂದಕ್ಕಿಂತ ಜಾಸ್ತಿ ಸೈಟು. ನಮ್ಮ ಲೆಕ್ಕಕ್ಕೆ ತಿಂಗಳಿಗೆ 400 ರೂಪಾಯಿಗೂ ಜಾಸ್ತಿ. ಹಾಡು, ವಿಡಿಯೋ ಇರುವವರಿಗೆ ಬೆಲೆ ನ್ಯಾಯವಾದ್ದೇ. ಬರಹ, ಚಿತ್ರ ಮಾತ್ರ ಇರುವವರು ಸುಮ್ನೆ ಕಟ್ಟಬೇಕಿಲ್ಲ. ನಿಮ್ಮದೇ ಡೊಮೇನ್ ಬೇಕೇ ಬೇಕು, ದುಡ್ಡು ಕೊಡುವುದಿಲ್ಲ ಅನ್ನುವವರಿಗೆ ಗಿಟ್‌ಹಬ್ ಪೇಜಸ್ ಇದೆ. ಅಲ್ಲೂ 1 ಜಿಬಿ, ಡೊಮೇನ್ ಜೋಡಿಸಿಕೊಳ್ಳಲು ಚಾರ್ಜ್ ಇಲ್ಲ. ಆದರೆ ಫೈಲಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಅನ್ನುವುದನ್ನು ಸ್ವಲ್ಪವಾದರೂ ಕಲಿಯಬೇಕು. ಸಾಫ್ಟ್‌ವೇರ್ ಓದಿದವರಿಗೆ ಅದು ನೀರು ಕುಡಿದಷ್ಟು ಸುಲಭ. ನನ್ನಂಥವರಿಗೆ ಎಳೆದು ಬಿಡುವುದೇ ಸುಲಭ.

ನಿಯೋಸಿಟೀಸ್‌ನಲ್ಲಿ ಬೇರೆಯವರ ಸೈಟ್ ಫಾಲೋ ಮಾಡಬಹುದು, ಹೊಸದಾಗಿ ಏನು ಹಾಕಿದರು ಅಂತ ತಿಳಿಯುತ್ತದೆ. ಬಹುಪಾಲು ಇಂಗ್ಲಿಷಿನವರು. ಹಳೇ ಗೇಮಿನ ಹುಚ್ಚು ಇರುವವರಂತೂ ತುಂಬಾ ಇದ್ದಾರೆ. ಅವರ ಪುಟ ತೆರೆದು ಹೇಗೆ ಕಟ್ಟಿದ್ದಾರೆ ಅಂತ ನೋಡಿಯೇ ನಾನು ಅರ್ಧ ಕಲಿತಿದ್ದು. ಕನ್ನಡದವರು ಕಡಿಮೆ. ಹೆಚ್ಚಾಗಬೇಕು.

ನನಗೆ ಎಲ್ಲಕ್ಕಿಂತ ಧೈರ್ಯ ಕೊಡುವುದು ಡ್ಯಾಶ್‌ಬೋರ್ಡಿನಲ್ಲಿರುವ ಒಂದು ಲಿಂಕ್. ಅದನ್ನು ಒತ್ತಿದರೆ ಇಡೀ ಸೈಟ್ ಒಂದೇ ಜಿಪ್ ಆಗಿ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ತಿಂಗಳಿಗೊಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕುತ್ತೇನೆ, ಒಂದು ಕಾಪಿ ಅಣ್ಣನ ಹತ್ತಿರ. ಮುಖ್ಯ ಪುಟಗಳನ್ನು ವೇಬ್ಯಾಕ್ ಮೆಷಿನ್ನಿನಲ್ಲೂ ಉಳಿಸುತ್ತೇನೆ. ಆ ಸೇವೆ 2001ರಿಂದ ಜನರಿಗೆ ಪುಕ್ಕಟೆ ಸಿಗುತ್ತಿದೆ. ನಾಳೆ ನಿಯೋಸಿಟೀಸ್ ನಿಂತು ಹೋದರೂ ನನ್ನ ಫೋಲ್ಡರ್ ತಗೊಂಡು ಹೋಗಿ ಬೇರೆ ಎಲ್ಲಿಟ್ಟರೂ ಹಾಗೇ ತೆರೆದುಕೊಳ್ಳುತ್ತದೆ. ಬರೀ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಆದ್ದರಿಂದ ಏನನ್ನೂ ಬದಲಾಯಿಸಬೇಕಿಲ್ಲ. ಸೇರುವ ಮೊದಲು ಹೊರಗೆ ಹೋಗುವ ದಾರಿ ನೋಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿ ಆ ದಾರಿ ಅಗಲವಾಗಿದೆ.

ಫೋನಿನಲ್ಲೇ ಎಲ್ಲ ಮಾಡುತ್ತೇನೆ ಅನ್ನುವವರಿಗೆ ಇದು ಹೇಳಿದ್ದಲ್ಲ. ಸಣ್ಣ ಪರದೆಯಲ್ಲಿ ಕೋಡ್ ತಿದ್ದುವುದು ಕಷ್ಟ. ಒಂದು ಹಳೇ ಲ್ಯಾಪ್‌ಟಾಪ್ ಆದರೂ ಬೇಕು. ಎಚ್‌ಟಿಎಂಎಲ್ ಒಂದಕ್ಷರವೂ ಬರುವುದಿಲ್ಲ ಅನ್ನುವವರು ಹೆದರಬೇಡಿ. ತಲೆಬರಹ, ಪ್ಯಾರಾ, ಚಿತ್ರ, ಲಿಂಕ್, ಇಷ್ಟು ಬಂದರೆ ಮೊದಲ ಪುಟ ಆಗುತ್ತದೆ. ಆದರೆ ಓದುವವರು ಹೆಚ್ಚಿನವರು ಫೋನಿನಲ್ಲೇ ಓದುತ್ತಾರೆ. ಪುಟದ ತಲೆಯಲ್ಲಿ, ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು ಹಾಕುವುದನ್ನು ಬಿಡಬೇಡಿ. ಇಲ್ಲದಿದ್ದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಈಗ ಥಟ್ ಅಂತ ಹೇಳಿ ಪುಟ ಬರೆಯುತ್ತಿದ್ದೇನೆ. ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ಕಾರ್ಯಕ್ರಮ. ಸರಿ ಉತ್ತರಕ್ಕೆ ಪುಸ್ತಕ ಬಹುಮಾನ ಕೊಡುವ ಕ್ವಿಜ್ ಅದು. ಅಲ್ಲಿ ಪುಸ್ತಕ ಗೆದ್ದು ಮನೆಯಲ್ಲಿ ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ನಿಮ್ಮ ಅನುಭವ ಬರೆದು ಕಳಿಸಿ, ಆ ಪುಟದಲ್ಲಿ ಹಾಕುತ್ತೇನೆ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಹಾಗೇ ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಯಾರ ಹತ್ತಿರವಾದರೂ ಸ್ಟಿಕ್ಕರ್ ಹರಿಯದ ಹಳೇ ಗೇಮ್ ಕ್ಯಾಸೆಟ್ ಇದ್ದರೆ, ಅದರಲ್ಲೂ '9999 ಇನ್ 1' ಅಂತ ಬರೆದಿರುವುದು ಇದ್ದರೆ, ಮಂಡ್ಯಕ್ಕೆ ಬಂದಾಗ ತಗೊಂಡು ಬನ್ನಿ. ಅಂಗಡಿಯಲ್ಲೇ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡುತ್ತೇನೆ. ಸ್ಕ್ಯಾನಿಗೆ ದುಡ್ಡು ತಗೊಳ್ಳುವುದಿಲ್ಲ.